ಶಿರಗುಪ್ಪಿಯ ಸುಳ್ಳು ಗೆರೆ

ಸಂಗ್ರಾಮನ ಕೈ ನನ್ನ ಕುತ್ತಿಗೆ ಹಿಡಿಯಿತು. ಉಕ್ಕಿನ ಕಡಗ ತೊಟ್ಟ ಕೈ.

"ಟೀವಿ ಬಂದ್ ಮಾಡಿದ್ರ ಕೈ ಮುರೀತೇನ," ಎಂದ.

ಆತ ಶಿರಗುಪ್ಪಿ ಸಕ್ಕರೆ ಫ್ಯಾಕ್ಟರಿ ಮಾಲೀಕನ ಮಗ. ನಾನು ಯಂತ್ರಗಳ ಪತ್ತೇದಾರ. ಕೆಟ್ಟದ್ದು ಯಾಕೆ ಕೆಟ್ಟಿತು ಎಂದು ಹೇಳುತ್ತೇನೆ. ಕೇಳುವವರಿಗೆ ಹಿತವಾಗುವಂತೆ ಹೇಳಿ ರೂಢಿಯಿಲ್ಲ.

ಕಂಟ್ರೋಲ್ ರೂಮಿನ ಗಾಜಿನಾಚೆ ಟರ್ಬೈನ್ ವೇಗ ಏರುತ್ತಿತ್ತು. ಉಗಿಯ ವಾಲ್ವಿನ ಬಳಿ ಬೀರದೇವ ನಿಂತಿದ್ದ. ಕಳೆದ ಹಂಗಾಮಿನಲ್ಲಿ ಬೇರಿಂಗ್ ಸಿಡಿದು ಅವನಣ್ಣ ಜಕ್ಕಪ್ಪ ಸತ್ತದ್ದು ಅಲ್ಲೇ...

ಜಕ್ಕಪ್ಪ ಕುಡಿದು ವಾಲ್ವ್ ಒಮ್ಮೆಲೇ ತಿರುವಿದ ಎಂದು ಫ್ಯಾಕ್ಟರಿಯವರು ಕೈ ತೊಳೆದುಕೊಂಡಿದ್ದರು. ಯಂತ್ರ ಸರಿಯಿತ್ತು ಎನ್ನಲು ಸಾಕ್ಷಿಗೆ ಟರ್ಬೈನಿನ ನಡುಕದ ಗ್ರಾಫ್ ಇತ್ತು. ನಡುಕವೇ ಇಲ್ಲದ ನೇರ ಗೆರೆ.

ಅಂದಿನಿಂದ ಟರ್ಬೈನಿನ ಒಳಗೆ ಯಾರೋ ಸ್ಪ್ಯಾನರ್ ಬಡಿಯುತ್ತಾರಂತೆ. ಕೇಳಿ ನಕ್ಕಿದ್ದೆ. ಈಗ ನನಗೂ ಕೇಳಿಸಿತು.

ಟಕ್... ಟಕ್...

ನಗು ಬರಲಿಲ್ಲ.

ಹೊರಗೆ ಪೆಂಡಾಲಿನಲ್ಲಿ ಬಾಯ್ಲರ್ ಪೂಜೆ. ಬಂದ ಪಾವಣ್ಯಾರಿಗೆ, ಅಂದರೆ ಅತಿಥಿಗಳಿಗೆ, ಗ್ರಾಫ್ ಕುಣಿಯುವುದನ್ನು ದೊಡ್ಡ ಟೀವಿಯಲ್ಲಿ ತೋರಿಸುವುದು ಇಲ್ಲಿಯ ಹೊಸ ಪದ್ಧತಿ. ಹೋದ ವರ್ಷ ಜಕ್ಕಪ್ಪ ಸತ್ತ ದಿನವೂ ತೋರಿಸಿದ್ದರು.

ಕಂಪ್ಯೂಟರ್ ಮತ್ತೊಮ್ಮೆ ನೋಡಿದೆ. ಪ್ರೊಸೆಸರ್ ಮೇಲಿನ ಹೊರೆ ನೂರಕ್ಕೆ ನೂರು!

ಸೆನ್ಸರಿನಿಂದ ಸೆಕೆಂಡಿಗೆ ಸಾವಿರಾರು ಅಳತೆ ಬರುತ್ತವೆ. ಈ ಪುಣ್ಯಾತ್ಮ ಒಂದೊಂದನ್ನೂ ಬಂದ ಕೂಡಲೇ ಟೀವಿಯಲ್ಲಿ ಗೆರೆಯಾಗಿ ಬಿಡಿಸುತ್ತ ಕೂತಿತ್ತು. ಪುರುಸೊತ್ತಿಲ್ಲದೆ ಉಳಿದವು ಬಿದ್ದುಹೋಗುತ್ತಿದ್ದವು. ಆ ಜಾಗಕ್ಕೆ ಪ್ರೋಗ್ರಾಂ ಹಳೆಯ ಅಳತೆಯನ್ನೇ ತೇಪೆ ಹಾಕುತ್ತಿತ್ತು. ಅದೇ ನೇರ ಗೆರೆ! ನಡುಕ ಮಿತಿ ಮೀರಿದರೆ ಟರ್ಬೈನ್ ನಿಲ್ಲಿಸಬೇಕಾದದ್ದೂ ಇದೇ ಕಂಪ್ಯೂಟರ್. ಕೈಯಿಂದ ನಿಲ್ಲಿಸುವ ಕೀಲಿ ಸಂಗ್ರಾಮನ ಜೇಬಿನಲ್ಲಿ.

ಟಕ್. ಟಕ್. ಟಕ್.

ನನಗೆ ನಿಜಕ್ಕೂ ಹೆದರಿಕೆಯಾಯಿತು. ಅವನ ಹೊಟ್ಟೆಗೆ ಮೊಣಕೈ ಕೊಟ್ಟೆ. ಕಡಗ ನನ್ನ ಕಿವಿ ಹರಿಯಿತು. ಅವನು ಕುಸಿದ. ಗ್ರಾಫ್ ಮುಚ್ಚಿದೆ. ಅಳತೆಗಳನ್ನು ಕಂತೆ ಕಟ್ಟಿ ಓದುವ ಹಾಗೆ ಸೆಟ್ಟಿಂಗ್ ಬದಲಿಸಿದೆ. ಪ್ರೊಸೆಸರಿನ ಹೊರೆ ಇಪ್ಪತ್ತಕ್ಕೆ ಇಳಿಯಿತು.

ಆಗ ಬಂತು ನಿಜ. ನಡುಕ ಮಿತಿಯ ಎರಡು ಪಟ್ಟು!

ಕಂಪ್ಯೂಟರ್ ತಾನಾಗಿ ಉಗಿ ನಿಲ್ಲಿಸಿತು. ಟರ್ಬೈನ್ ನರಳುತ್ತ ನಿಂತಿತು. ಬೀರದೇವನಿಗೆ ಒಂದು ಗೀರೂ ಬೀಳಲಿಲ್ಲ.

ಪಾವಣ್ಯಾರ ಮುಂದೆ ಇಜ್ಜತ್ ಹೋಯಿತೆಂದು ಸಂಗ್ರಾಮ ನೆಲದಲ್ಲೇ ಗೊಣಗಿದ.

ಬೀರದೇವ ಒಳಗೆ ಬಂದ. ಹೋದ ವರ್ಷದ ಗೆರೆಯೂ ಹೀಗೇ ಹುಟ್ಟಿದ್ದೆಂದು ತಿಳಿಸಿದೆ. ಅಣ್ಣನ ತಪ್ಪಿರಲಿಲ್ಲ ಎಂದೆ. ಅವನು ಕಂಪ್ಯೂಟರಿನತ್ತ ತಿರುಗಿದ.

"ನಮ್ಮಣ್ಣ ಸಾಯೂ ಮುಂದ ಈ ಕಂಪ್ಯೂಟರ್ ಏನ್ ಮಾಡಾಕತ್ತಿತ್ರಿ?"

"ಪಾವಣ್ಯಾರಿಗೆ ಚಿತ್ರಾ ಬರದು ತೋರ್ಸಾಕತ್ತಿತ್ತು."