ಹೊಳೆ ಟ್ರಂಕಿನಲ್ಲಿ ಜಾಗವಿಲ್ಲ

ಧನ್ಯಾ ಅಂಗೈ ಚಾಚಿಕೊಂಡು ಕೂತೇ ಇದ್ದಳು. ಉಂಡೆ ಅವಳ ಕೈ ದಾಟಿ ಪಕ್ಕಕ್ಕೆ ಹೋಯಿತು.

"ತಗಾ ನನ್ ರಾಜಾ" ಎನ್ನುತ್ತಾ ಮಾಯಮ್ಮಜ್ಜಿ ಅದನ್ನು ಜಾಕಿಯ ಬಾಯಿಗೆ ಇಟ್ಟುಬಿಟ್ಟಳು. ಜಾಕಿ ಒಂದೇ ಗುಕ್ಕಿಗೆ ನುಂಗಿ, ಬಾಲ ಅಲ್ಲಾಡಿಸಿ, ಇನ್ನೊಂದು ಕೊಡು ಎನ್ನುವಂತೆ ನೋಡಿತು.

"ಅಜ್ಜೀ! ಅದು ನನ್ನುಂಡೆ!"

"ನಿಂಗೂ ಕಟ್ಕೊಡ್ತೀನಿ ತಡಿಯವ್ವ. ಇನ್ನೂ ಅಷ್ಟೊಂದು ಇಟ್ಟೈತೆ."

"ಮೊದಲ್ನೇದು ನಂದು! ಪ್ರತೀ ವರ್ಷ ನಂದೇ!"

"ಮೊದಲ್ನೇದು ಮನೇಲಿ ಎಲ್ಲಾರ್ಗಿಂತ ಚಿಕ್ಕೋರ್ಗೆ ಕಣವ್ವ. ನೀನು ಐದನೇ ಕ್ಲಾಸಿಗೆ ಬಂದ್ಬುಟ್ಟೆ. ಈಗ ನಮ್ಮನೇಲಿ ಚಿಕ್ಕೋನು ಯಾರೇಳು? ಇವ್ನೇ ಅಲ್ವಾ?"

ಜಾಕಿ ಅಂದರೆ ನಾಯಿಮರಿ. ಧನ್ಯಾಳ ಅಪ್ಪ ದೇವರಾಜು ಮಲ್ಲಿಪಟ್ಟಣಕ್ಕೆ ಹೋಗಿದ್ದಾಗ ಅದನ್ನು ಬಟ್ಟೆ ಚೀಲದಲ್ಲಿ ಹಾಕಿಕೊಂಡು ತಂದಿದ್ದ. ಚೀಲದಿಂದ ಇಳಿದ ದಿನವೇ ಅದು ನೇರವಾಗಿ ಹೋಗಿ ಅಜ್ಜಿಯ ಸೆರಗಿನ ಮೇಲೆ ಮಲಗಿತ್ತು. ಇಷ್ಟು ದೊಡ್ಡ ಮನೆಯಲ್ಲಿ ಅದಕ್ಕೆ ಬೇರೆ ಜಾಗ ಸಿಗಲಿಲ್ಲವೇ? ಅಂದಿನಿಂದ ಹಾಲಿನ ಕೆನೆಯಲ್ಲಿ ಅದಕ್ಕೆ ಪಾಲು, ಅಜ್ಜಿಯ ತೊಡೆಯಲ್ಲಿ ಪಾಲು. ಈಗ ಉಂಡೆಯೂ ಹೋಯಿತು.

ಅದು ಅಂತಿಂಥ ಉಂಡೆಯಲ್ಲ. ವರ್ಷಕ್ಕೊಮ್ಮೆ, ಮಳೆ ಜೋರಾಗುವ ಮುಂಚೆ, ಅಜ್ಜಿ ಹುರಿಹಿಟ್ಟು ಮಾಡುತ್ತಿದ್ದಳು. ರಾಗಿಗೆ ಮಜ್ಜಿಗೆ ನೀರು ಚಿಮುಕಿಸಿಟ್ಟು, ಕಾದ ಬಾಣಲೆಯಲ್ಲಿ ಹುರಿದರೆ ಅದು ಚಟಪಟ ಅರಳುತ್ತಿತ್ತು. ಮಿಲ್ಲಿಗೆ ಹಾಕಿಸಿಕೊಂಡು ಬಂದರೆ ಮನೆಯೆಲ್ಲ ಘಮಘಮ. ಆ ಹೊಸ ಹಿಟ್ಟಿಗೆ ಬೆಲ್ಲ, ಹಾಲು, ಚೂರು ತುಪ್ಪ ಹಾಕಿ ಕಲಸಿ ಕಟ್ಟಿದ ಮೊದಲ ಉಂಡೆ ಧನ್ಯಾಳ ಕೈಗೆ ಬರುತ್ತಿತ್ತು. ಅವಳು ತಿಂದು ಮುಗಿಸಿ, ಮುಖ ಸಣ್ಣ ಮಾಡಿ, "ಬೆಲ್ಲ ಕಮ್ಮಿ ಅಜ್ಜಿ" ಎನ್ನುತ್ತಿದ್ದಳು. ಬೆಲ್ಲ ಸರಿಯಾಗೇ ಇರುತ್ತಿತ್ತು. ಅದು ಇನ್ನೊಂದು ಉಂಡೆ ಗಿಟ್ಟಿಸುವ ಉಪಾಯ. ಅಜ್ಜಿಗೂ ಅದು ಗೊತ್ತು.

ಈ ಸಲ ಎರಡನೇ ಉಂಡೆ ಕೈಗೆ ಬಂದಾಗ ಧನ್ಯಾ ಅದನ್ನು ತಟ್ಟೆಗೆ ಹಾಕಿ ಎದ್ದುಹೋದಳು. ಹೊಟ್ಟೆಯಲ್ಲಿ ಹಸಿವಿಗಿಂತ ಕಿಚ್ಚೇ ಜಾಸ್ತಿಯಿತ್ತು.

ಉಳಿದ ಹಿಟ್ಟು ಹೊಳೆ ಟ್ರಂಕಿಗೆ. ಅದು ಹಸಿರು ಬಣ್ಣದ ಕಬ್ಬಿಣದ ಟ್ರಂಕು. ಅವರ ಮನೆ ಇದ್ದದ್ದು ಹೊಳೆನರಸೀಪುರದಲ್ಲಿ, ಹೇಮಾವತಿ ಹೊಳೆಗೆ ಇಳಿಯುವ ಬೀದಿಯಲ್ಲಿ. ಮೇಲೆ ಘಟ್ಟದ ಕಡೆ ಮಳೆ ಹೊಡೆದು, ಗೊರೂರಿನ ಅಣೆಕಟ್ಟು ತುಂಬಿ ನೀರು ಬಿಟ್ಟರೆ, ಹೊಳೆ ಒಮ್ಮೊಮ್ಮೆ ಬೀದಿಗೇ ಬಂದುಬಿಡುತ್ತಿತ್ತು. ಆಗ ಯಾವ ಸಾಮಾನನ್ನೂ ಹುಡುಕುತ್ತಾ ಕೂರಬಾರದು, ಟ್ರಂಕು ಎತ್ತಿಕೊಂಡು ಹೊರಟುಬಿಡಬೇಕು ಎಂಬುದು ಅಜ್ಜಿಯ ಕಾನೂನು. ಹುರಿಹಿಟ್ಟು, ಬೆಲ್ಲದಚ್ಚು, ಹಾಲಿನಪುಡಿ, ಜ್ವರದ ಮಾತ್ರೆ, ಟಾರ್ಚು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಬೆಂಕಿಪೊಟ್ಟಣ, ಮೇಲೆ ಎರಡು ಬೆಡ್‌ಶೀಟು.

"ಅಜ್ಜಿ, ನನ್ನ ಸ್ಕೆಚ್‌ಪೆನ್ನೂ ಇಡು" ಎಂದು ಧನ್ಯಾ ಡಬ್ಬ ತಂದಳು. ಅಪ್ಪ ಚನ್ನರಾಯಪಟ್ಟಣದ ಕಾಯಿ ಮಂಡಿಗೆ ಹೋದವನು ತಂದುಕೊಟ್ಟ ಹೊಸ ಸ್ಕೆಚ್‌ಪೆನ್ನುಗಳು. ನವಿಲು ಬಣ್ಣ ಕೂಡ ಇತ್ತು.

"ಜಾಗ ಇಲ್ಲ ಕಣವ್ವ" ಎಂದಳು ಅಜ್ಜಿ.

ಜಾಗ ಇಲ್ಲದೆ ಏನು? ಇತ್ತು. ಆದರೆ ಅಲ್ಲಿ ಒಂದು ಡಾಲ್ಡಾ ಡಬ್ಬ ಠೀವಿಯಿಂದ ಕೂತಿತ್ತು. ಧನ್ಯಾ ಮುಚ್ಚಳ ತೆಗೆದು ನೋಡಿದಳು. ಒಣಗಿಸಿದ ರೊಟ್ಟಿ ಚೂರು, ಒಂದು ಪೊಟ್ಟಣ ಹುರಿಹಿಟ್ಟು, ಅಲ್ಯೂಮಿನಿಯಂ ಬಟ್ಟಲು. ಪಕ್ಕದಲ್ಲಿ, ಹಳೇ ಸೀರೆ ಹರಿದು ಜಡೆಯ ಹಾಗೆ ಹೆಣೆದ ನೀಲಿ ಹಗ್ಗ.

"ಇದೆಲ್ಲ ಯಾರ್ಗೆ?"

"ಜಾಕಿಗೆ."

"ನಾಯಿಗೂ ಡಬ್ಬಾನಾ?"

ಅಜ್ಜಿ ಬೆಡ್‌ಶೀಟು ಮಡಚುವುದನ್ನು ನಿಲ್ಲಿಸಿದಳು. "ಆಗಿನ್ನೂ ನೀನು ಉಟ್ಟಿರ್ಲಿಲ್ಲ. ಒಳೆ ಬಂತು ಅಂತ ನಾವೆಲ್ಲ ಓಡೋಗಿ ದಿಣ್ಣೆ ಅತ್ತುದ್ವಿ. ಬೆಕ್ಕು ಅಟ್ಟದ್ ಮ್ಯಾಲೇ ಉಳ್ಕಂಬುಡ್ತು. ನೀರು ಇಳ್ದ ಮ್ಯಾಲೆ ಬಂದು ನೋಡುದ್ರೆ, ನನ್ನ ನೋಡಿ ಬಾಯಿ ತೆಗೀತದೆ, ತೆಗೀತದೆ, ಸದ್ದೇ ಬರ್ತಿಲ್ಲ. ಕೂಗೋಕೂ ತ್ರಾಣ ಇರ್ನಿಲ್ಲ ಕಣವ್ವ ಅದ್ಕೆ. ನಮ್ಗಾದ್ರೆ ಅಸಿವು ಅಂತ ಏಳೋಕೆ ಬಾಯೈತೆ."

ಬೇರೆ ದಿನವಾಗಿದ್ದರೆ ಧನ್ಯಾ "ಆಮೇಲೆ ಬೆಕ್ಕು ಬದುಕ್ತಾ?" ಎಂದು ಕೇಳುತ್ತಿದ್ದಳು. ಇವತ್ತು ಅವಳ ಕಣ್ಣು ಆ ನೀಲಿ ಹಗ್ಗದ ಮೇಲಿತ್ತು. ಅದು ಯಾವ ಸೀರೆ ಎಂದು ಅವಳಿಗೆ ಗೊತ್ತು. ಅವಳು ಕೂಸಾಗಿದ್ದಾಗ ಅಜ್ಜಿ ಅದೇ ಸೀರೆಯಲ್ಲಿ ಜೋಲಿ ಕಟ್ಟಿ ತೂಗುತ್ತಿದ್ದಳಂತೆ. ಅಜ್ಜಿಯೇ ಎಷ್ಟೋ ಸಲ ಹೇಳಿದ್ದಳು. ನನ್ನ ಜೋಲಿ ಹರಿದು ನಾಯಿಗೆ ಹಗ್ಗ!

ಮಾರನೆಯ ದಿನ ಅಜ್ಜಿ ಹೂ ಕೊಯ್ಯಲು ಹಿತ್ತಲಿಗೆ ಹೋದಳು, ಅಮ್ಮ ನಲ್ಲಿಯ ಹತ್ತಿರ ಇದ್ದಳು. ಧನ್ಯಾ ಟ್ರಂಕು ತೆಗೆದು, ಡಾಲ್ಡಾ ಡಬ್ಬವನ್ನೂ ಹಗ್ಗವನ್ನೂ ಎತ್ತಿಕೊಂಡುಹೋಗಿ ಬಚ್ಚಲ ಒಲೆಯ ಪಕ್ಕದ ಸೌದೆಯ ಹಿಂದೆ ತಳ್ಳಿದಳು. ಸ್ಕೆಚ್‌ಪೆನ್ ಡಬ್ಬವನ್ನು ಬೆಡ್‌ಶೀಟಿನ ಅಡಿಗೆ ಸೇರಿಸಿದಳು. ಹೊಳೆ ಏನು ನಾಳೆಯೇ ಬರುತ್ತದಾ? ಆಮೇಲೆ ಯಾವಾಗಲಾದರೂ ವಾಪಸ್ ಇಟ್ಟರಾಯಿತು.

ಜಾಕಿ ಹಿಂದೆಯೇ ಬಂದು ಎಲ್ಲವನ್ನೂ ನೋಡಿತು.

"ಏನ್ ನೋಡ್ತೀಯ? ಹೇಳ್ತೀಯಾ ಅಜ್ಜಿಗೆ? ಹೇಳು ನೋಡಾನ" ಎಂದಳು ಧನ್ಯಾ. ಜಾಕಿ ಅವಳ ಕಾಲ್ಬೆರಳು ನೆಕ್ಕಿತು.

ಆಮೇಲಿನ ವಾರ ಮಳೆ ಹಿಡಿದುಕೊಂಡಿತು. ಒಂದು ದಿನ ಮಧ್ಯಾಹ್ನಕ್ಕೇ ಶಾಲೆ ಬಿಟ್ಟರು. ಧನ್ಯಾ ಮನೆಗೆ ಬಂದು ಯೂನಿಫಾರಂ ಕೂಡ ಬಿಚ್ಚಿರಲಿಲ್ಲ, ಬೀದಿಯಲ್ಲಿ ಮೈಕಿನ ಆಟೋ ಬಂತು. "ಅಣೆಕಟ್ಟಿನಿಂದ ನೀರು ಬಿಡಲಾಗುತ್ತಿದೆ. ಹೊಳೆಯ ದಂಡೆಯವರು ಜಾನುವಾರು ಸಮೇತ ಎತ್ತರದ ಜಾಗಕ್ಕೆ ಹೋಗಬೇಕು…"

ಅಪ್ಪ ಪೇಟೆಯಿಂದ ಓಡಿಬಂದವನೇ, "ನಡೀರಿ ನಡೀರಿ, ದಿಣ್ಣೆ ಮೇಲಿನ ಸ್ಕೂಲಿಗೆ!" ಎಂದು ಟ್ರಂಕಿಗೆ ಬೀಗ ಹಾಕಿ ಹೆಗಲಿಗೇರಿಸಿದ.

ಧನ್ಯಾಳಿಗೆ ಸೌದೆಯ ಹಿಂದಿನ ಡಬ್ಬ ನೆನಪಾಯಿತು. "ಅಪ್ಪಾ, ಒಂದ್ನಿಮಿಷ…"

"ಏನು?"

ಏನೆಂದು ಹೇಳುವುದು? ಬಚ್ಚಲ ಕಡೆ ಎರಡು ಹೆಜ್ಜೆ ಇಟ್ಟಳು. ಅಮ್ಮ ರಟ್ಟೆ ಹಿಡಿದು ಎಳೆದುಕೊಂಡು ಹೊರಟೇಬಿಟ್ಟಳು. ಅಜ್ಜಿ ಜಾಕಿಯನ್ನು ಸೆರಗಿನಲ್ಲಿ ಸುತ್ತಿ ಎತ್ತಿಕೊಂಡು, ಮಳೆಯಲ್ಲಿ ಏದುಸಿರು ಬಿಡುತ್ತಾ ದಿಣ್ಣೆ ಹತ್ತಿದಳು. ಧನ್ಯಾ ಹಿಂದೆ ತಿರುಗಿ ತಿರುಗಿ ನೋಡುತ್ತಾ ನಡೆದಳು.

ಶಾಲೆಯಲ್ಲಿ ಅವರಿಗೆ ಸಿಕ್ಕಿದ್ದು ಧನ್ಯಾಳ ಐದನೇ ಕ್ಲಾಸಿನ ರೂಮೇ. ಆಗಲೇ ಬೀದಿಯ ಅರ್ಧ ಜನ ಅಲ್ಲಿ ಚಾಪೆ ಹಾಸಿದ್ದರು. ಅಷ್ಟು ಜನರನ್ನು ಒಟ್ಟಿಗೆ ನೋಡಿ ಜಾಕಿಗೆ ದಿಗಿಲಾಯಿತು. ಅಜ್ಜಿಯ ಕೈಯಿಂದ ಜಿಗಿದು, ಕೆಸರುಗಾಲಿನಲ್ಲಿ ಎಲ್ಲರ ಚಾಪೆ ತುಳಿದು, ಎದುರುಮನೆಯ ಲಕ್ಷ್ಮಿದೇವಮ್ಮನವರ ಅನ್ನದ ಪಾತ್ರೆಗೆ ಮೂತಿ ಇಟ್ಟಿತು.

"ಅಯ್ಯಯ್ಯೋ! ಮಾಯಮ್ಮಾ, ಮೊದ್ಲು ಅದನ್ನ ಕಟ್ಟಾಕಿ! ಇಲ್ದಿದ್ರೆ ಆಚೆ ಬಿಡ್ರಿ!" ಎಂದು ಲಕ್ಷ್ಮಿದೇವಮ್ಮ ಪಾತ್ರೆ ಎತ್ತಿಕೊಂಡರು.

"ಕಟ್ಟಾಕ್ತೀನಿ ಕಣ್ರವ್ವ. ಎಲ್ಲಾ ತಂದಿವ್ನಿ. ಅಗ್ಗ, ಬಟ್ಟಲು, ಅದರ ಊಟ. ಯಾರ ಪಾತ್ರೆಗೂ ಬಾಯಾಕಾಕಿಲ್ಲ" ಎಂದು ಅಜ್ಜಿ ಹೆಮ್ಮೆಯಿಂದ ಟ್ರಂಕು ತೆಗೆಸಿದಳು. ಒಳಗೆ ಕೈ ಹಾಕಿದಳು. ಆ ಮೂಲೆ ನೋಡಿದಳು, ಈ ಮೂಲೆ ನೋಡಿದಳು. ಹಿಟ್ಟಿನ ಡಬ್ಬ ಎತ್ತಿ ಅದರ ಅಡಿಯಲ್ಲೂ ತಡಕಿದಳು.

"ಎಲ್ಲೋಯ್ತು? ನಾನೇ ಇಟ್ಟಿದ್ನಲ್ಲ…"

"ಇಟ್ಟಿರಕಿಲ್ಲ ಬುಡವ್ವ" ಎಂದ ಅಪ್ಪ ಬೇಸರದಿಂದ. ಅವನ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಇತ್ತೀಚ್ಗೆ ನಿಂಗೆ ಒಂದೂ ಗ್ಯಾನ ಇರಾಕಿಲ್ಲ. ಮೊನ್ನೆ ಒಲೆ ಮ್ಯಾಲೆ ಹಾಲಿಟ್ಟು ಮರ್ತಿದ್ದೆ."

"ನಾನೋಗಿ ತರ್ಲಾ?" ಎಂದು ಅಜ್ಜಿ ಎದ್ದಳು.

"ಬೀದಿಗೆ ನೀರು ಬಂದೈತಂತೆ. ಸುಮ್ನೆ ಕೂತ್ಕೋ."

ಅಜ್ಜಿ ಸುಮ್ಮನೆ ಕೂತಳು. ಮಡಿಲಲ್ಲಿದ್ದ ತನ್ನ ಕೈಗಳನ್ನೇ ನೋಡಿಕೊಂಡಳು. "ವಯಸ್ಸಾಯ್ತು ಕಣಪ್ಪ. ಇಟ್ಟೆ ಅಂತ್ಲೇ ಅನ್ಕೊಂಡಿದ್ದೆ. ಮರ್ತೆ ಅಂತ ಕಾಣ್ತದೆ" ಎಂದಳು.

ಅಜ್ಜಿ ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ಧನ್ಯಾ ಯಾವತ್ತೂ ಕೇಳಿರಲಿಲ್ಲ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಜಾಕಿಗಂತೂ ಹೇಳಲು ಬರುವುದಿಲ್ಲ. ಅಜ್ಜಿಗೆ ಮರೆವು ಎಂದು ಬೀದಿಗೆಲ್ಲ ಗೊತ್ತಾಗಿ, ನಾಳೆಯಿಂದ ಟ್ರಂಕಿನ ಕೆಲಸವನ್ನೂ ಅಮ್ಮನಿಗೆ ಕೊಡುತ್ತಾರೆ, ಅಷ್ಟೇ. ಧನ್ಯಾ ಅಜ್ಜಿಯ ಹತ್ತಿರ ಸರಿದಳು.

"ನೀನು ಮರ್ತಿಲ್ಲ ಅಜ್ಜಿ" ಎಂದಳು. "ನಾನೇ ತೆಗ್ದೆ. ಸೌದೆ ಹಿಂದೆ ಇಟ್ಟೆ. ನನ್ನ ಸ್ಕೆಚ್‌ಪೆನ್ ಇಡೋಕೆ."

ರೂಮಿನಲ್ಲಿ ಎಲ್ಲರೂ ಅವಳ ಕಡೆ ತಿರುಗಿದರು. ಅಮ್ಮ ಕೈ ಎತ್ತಿಯೇಬಿಟ್ಟಳು. "ನಿಂಗೇನ್ ಬಂದಿತ್ತೇ! ದೊಡ್ಡೋರ ಮೇಲೆ ತಪ್ಪು ಬರೋವರ್ಗೂ…"

ಅಜ್ಜಿ ಬೈಯಲಿಲ್ಲ. ಮೊಮ್ಮಗಳ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಸುತ್ತ ನೋಡಿ ಗಾಬರಿಯಿಂದ ಕೇಳಿದಳು: "ಜಾಕಿ ಎಲ್ಲವ್ವ?"

ಜಾಕಿ ಇರಲಿಲ್ಲ.

ಅಮ್ಮನ ಕೈ ತಪ್ಪಿಸಿಕೊಂಡು ಧನ್ಯಾ ಆಚೆ ಓಡಿದಳು. ವರಾಂಡದಲ್ಲಿ ಇಲ್ಲ. ನಲ್ಲಿಯ ಹತ್ತಿರ ಇಲ್ಲ. ಶಾಲೆಯ ಗೇಟಿನ ಹತ್ತಿರ, ಕಂಬಕ್ಕೆ ಅಂಟಿಕೊಂಡು ಕೂತಿತ್ತು. ಗೇಟು ಅರ್ಧ ತೆರೆದಿತ್ತು. ಅದರಾಚೆ ಮನೆಯ ಕಡೆಗೆ ಇಳಿಯುವ ರಸ್ತೆ, ರಸ್ತೆಯ ತುದಿಯಲ್ಲಿ ಕೆಂಪು ನೀರು.

"ಜಾಕಿ, ಬಾರೋ."

ಜಾಕಿ ಅವಳನ್ನು ನೋಡಿತು. ನೆನೆದು ಇಲಿಯಷ್ಟಾಗಿತ್ತು. ಬಾಯಿ ತೆಗೆಯಿತು. ಮತ್ತೆ ತೆಗೆಯಿತು. ಸದ್ದೇ ಬರಲಿಲ್ಲ.

ಧನ್ಯಾಳಿಗೆ ಅಟ್ಟದ ಬೆಕ್ಕು ನೆನಪಾಯಿತು. ಬಗ್ಗಿ ಅದನ್ನು ಎದೆಗವುಚಿಕೊಂಡಳು. ಅದರ ಪುಟ್ಟ ಮೈ ಗಡಗಡ ನಡುಗುತ್ತಿತ್ತು. ಇಷ್ಟು ದಿನ ಅವಳು ಅದನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ. ಇಷ್ಟು ಹಗುರವಿದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

ವರಾಂಡಕ್ಕೆ ತಂದು, ಲಂಗದ ಅಂಚಿನಲ್ಲಿ ಅದರ ಮೈ ಒರೆಸಿದಳು. ಇನ್ನು ಕಟ್ಟುವುದು ಯಾತರಲ್ಲಿ? ಎರಡು ಜಡೆಗಳ ಕೆಂಪು ರಿಬ್ಬನ್ ಬಿಚ್ಚಿದಳು. ಒಂದಕ್ಕೊಂದು ಗಂಟು ಹಾಕಿ, ಒಂದು ತುದಿಯನ್ನು ಜಾಕಿಯ ಕುತ್ತಿಗೆಗೆ ಸಡಿಲವಾಗಿ ಕಟ್ಟಿ, ಇನ್ನೊಂದನ್ನು ತನ್ನ ಕೈಗೆ ಸುತ್ತಿಕೊಂಡು ಗೋಡೆಗೊರಗಿ ಕೂತಳು. ಒಳಗೆ ಹೋಗಲು ಅವಳಿಗೆ ಮುಖವಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅಜ್ಜಿಯೇ ಬಂದು ಪಕ್ಕದಲ್ಲಿ ಕೂತಳು. ಕೈಯಲ್ಲಿ ಸ್ಟೀಲ್ ಬೇಸಿನ್. ಅದರಲ್ಲಿ ಹುರಿಹಿಟ್ಟು, ಬೆಲ್ಲ, ಲೋಟದಲ್ಲಿ ನೀರಿಗೆ ಕದಡಿದ ಹಾಲಿನಪುಡಿ. ಕೆಂಪು ರಿಬ್ಬನ್ ನೋಡಿದಳು, ಬಿಚ್ಚಿಹೋದ ಜಡೆ ನೋಡಿದಳು. ಬೇಸಿನ್ನನ್ನು ಧನ್ಯಾಳ ಮುಂದೆ ಸರಿಸಿದಳು.

"ಇವ್ನ ಎತ್ಕೊಂಡು ಎತ್ಕೊಂಡು ಕೈ ಸೋತೋಗಾವೆ. ನೀನೇ ಕಟ್ಟವ್ವ."

"ನಂಗೆ ಬರಲ್ಲ ಅಜ್ಜಿ."

"ಕಟ್ಟುದ್ರೆ ಬತ್ತದೆ."

ಧನ್ಯಾ ಹಾಲು ಹೊಯ್ದು, ಬೆಲ್ಲ ಕುಟ್ಟಿ ಹಾಕಿ ಕಲಸಿದಳು. ಮೊದಲ ಉಂಡೆ ಸೊಟ್ಟಗೆ ಬಂತು. ಅದನ್ನು ಅಂಗೈಯಲ್ಲಿಟ್ಟು ಜಾಕಿಯ ಮೂತಿಯ ಹತ್ತಿರ ಹಿಡಿದಳು. ಜಾಕಿ ನುಂಗಿತು. ಅಂಗೈಯನ್ನೂ ನೆಕ್ಕಿತು. ಅದರ ನಾಲಿಗೆ ಬೆಚ್ಚಗಿತ್ತು.

ಎರಡನೆಯದು ಗುಂಡಗೆ ಬಂತು. ಧನ್ಯಾಳಿಗೂ ಹಸಿವಾಗಿತ್ತು. ಬಾಯಿಗೆ ಇಟ್ಟುಕೊಳ್ಳಬೇಕು, ಅಷ್ಟರಲ್ಲಿ ಪಕ್ಕಕ್ಕೆ ನೋಡಿದಳು. ಅಜ್ಜಿ ಬೇಸಿನ್ನಿನ ಅಂಚಿಗೆ ಅಂಟಿದ ಪುಡಿಯನ್ನು ಬೆರಳಿನಲ್ಲಿ ಒರೆಸಿ ನೆಕ್ಕುತ್ತಿದ್ದಳು.

ಪ್ರತೀ ವರ್ಷವೂ ಅಜ್ಜಿ ಮಾಡುತ್ತಿದ್ದದ್ದು ಇದನ್ನೇ. ಎಲ್ಲರ ಉಂಡೆ ಕಟ್ಟಿ ಮುಗಿದ ಮೇಲೆ ಪಾತ್ರೆ ಒರೆಸಿಕೊಂಡು ತಿನ್ನುತ್ತಿದ್ದಳು. ಅಜ್ಜಿಯ ಅಂಗೈಗೆ ಯಾರಾದರೂ ಒಂದು ಉಂಡೆ ಇಟ್ಟದ್ದು ಧನ್ಯಾಳಿಗೆ ನೆನಪಿಗೇ ಬರಲಿಲ್ಲ.

"ಅಜ್ಜಿ, ಆ ಅನ್ನು."

"ಥೂ ಓಗೇ. ನಾನೇನ್ ಕೂಸಾ? ನೀನ್ ತಿನ್ನು."

"ಆ ಅನ್ನಜ್ಜಿ."

ಅಜ್ಜಿ ಅತ್ತ ಇತ್ತ ನೋಡಿ, ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಬಾಯಿ ತೆರೆದಳು. ಇದ್ದ ನಾಲ್ಕು ಹಲ್ಲಿನಲ್ಲಿ ನಿಧಾನವಾಗಿ ಅಗಿದಳು. ಆಮೇಲೆ ಮುಖ ಸಣ್ಣ ಮಾಡಿ, ಓರೆಗಣ್ಣಿನಲ್ಲಿ ಮೊಮ್ಮಗಳನ್ನು ನೋಡಿದಳು.

"ಬೆಲ್ಲ ಕಮ್ಮಿ ಕಣವ್ವ" ಎಂದಳು.

ಧನ್ಯಾ ರಿಬ್ಬನ್ ಸುತ್ತಿದ್ದ ಕೈಯಿಂದಲೇ ಇನ್ನೊಂದು ಉಂಡೆಗೆ ಹಿಟ್ಟು ತೆಗೆದುಕೊಂಡಳು.