ಅಕ್ಕನ ಲೈಸೆನ್ಸು

ಹನ್ನೆರಡು ವರ್ಷ ಆಸ್ಪತ್ರೆಯ ಆಯಾ ಆಗಿ ಅವಳು ಒರೆಸಿದ ವಾಂತಿಯನ್ನೆಲ್ಲ ಒಂದೆಡೆ ಸುರಿದಿದ್ದರೆ ಕೆರೆ ತುಂಬಿ ಕೋಡಿ ಹರಿಯುತ್ತಿತ್ತು. ತುತ್ತೆತ್ತಿದರೆ ಬೆರಳಲ್ಲಿ ಫಿನಾಯಿಲ್ ವಾಸನೆ, ಅದರ ಬೆನ್ನಿಗೇ ಇನ್ನೊಂದು ವಾಸನೆ. ಇಷ್ಟಾದರೂ 'ಚೆನ್ನಾಗಿ ಒರೆಸಿದೆ' ಎಂದು ಒಂದು ನರಪಿಳ್ಳೆಯೂ ಹೇಳಿರಲಿಲ್ಲ.

ಅವಳ ಅಕ್ಕನೋ, ನರ್ಸಿಂಗ್ ಡಿಗ್ರಿ ಮುಗಿಸಿ ಮದುವೆಯಾಗಿ ಮನೆಯಲ್ಲಿ ಕೂತವಳು. ಹಳೇ ಸೀರೆಗೆ ಬಿಸಿಲು ಕಾಣಿಸುವಂತೆ ಐದು ವರ್ಷಕ್ಕೊಮ್ಮೆ ಲೈಸೆನ್ಸನ್ನು ನವೀಕರಿಸಿ ಮತ್ತೆ ಟ್ರಂಕಿಗೆ ಹಾಕುತ್ತಿದ್ದಳು.

"ಡಿಗ್ರಿ ಇದ್ಮೇಲೆ ಲೈಸೆನ್ಸ್ ಯಾಕಕ್ಕಾ?"

"ನೀನು ಓದಿದೀಯ ಅನ್ನೋದು ಡಿಗ್ರಿ ಕಣೇ. ರೋಗಿ ಮೈ ಮುಟ್ಟಬಹುದು ಅನ್ನೋದು ಲೈಸೆನ್ಸು. ನಿಂಗ್ಯಾಕೆ ಆ ಚಿಂತೆ, ಪೊರಕೆಗೂ ಲೈಸೆನ್ಸ್ ಕೇಳ್ತಾರಾ?"

ಅಕ್ಕ ಹೊಟ್ಟೆ ಹಿಡಿದು ನಕ್ಕಳು. ಟ್ರಂಕಿನ ಡಿಗ್ರಿ, ಲೈಸೆನ್ಸು ಎರಡೂ ತಂಗಿಯ ಚೀಲ ಸೇರಿದ್ದು ಆ ನಗುವಿನಿಂದ.

ಅವಸರ ಮಾಡಲಿಲ್ಲ. ನಿಂಬೆಹಣ್ಣುಗಳಿಗೆ ಇಂಜೆಕ್ಷನ್ ಸೂಜಿ ಚುಚ್ಚಿ ಚುಚ್ಚಿ ಜರಡಿ ಮಾಡಿದಳು. ಕಸದ ಬುಟ್ಟಿಯ ಖಾಲಿ ಡಬ್ಬಿಗಳಿಂದ ಔಷಧಿಗಳ ಹೆಸರು ಬಾಯಿಪಾಠ ಮಾಡಿದಳು. ಗುರುತಿನವರಿಲ್ಲದ ದೂರದ ಊರು ಹುಡುಕಿದಳು. ಅಕ್ಕತಂಗಿಯರದು ಒಂದೇ ಅಚ್ಚಿನ ಮುಖವಾದ್ದರಿಂದ ಫೋಟೋ ಮುಟ್ಟುವ ಕೆಲಸವೂ ಇರಲಿಲ್ಲ. ಹೊಸ ಆಸ್ಪತ್ರೆಯ ದೊಡ್ಡ ನರ್ಸು ಲೈಸೆನ್ಸನ್ನು ಬೆಳಕಿಗೆ ಹಿಡಿದು ನೋಡಿ, ನಂಬರನ್ನು ಫೋನಿನಲ್ಲಿ ವಿಚಾರಿಸಿ ತಲೆಯಾಡಿಸಿದಳು. ಕಾಗದವೆಲ್ಲ ಅಸಲಿ, ನಕಲಿ ಅವಳೊಬ್ಬಳೇ.

ಸಿಕ್ಕಿಬಿದ್ದರೆ ಜೈಲು. ಅದಕ್ಕೆ ಹೆದರಲಿಲ್ಲ. ಅಲ್ಲಿನ ಕಕ್ಕಸನ್ನೂ ತನ್ನಿಂದಲೇ ತೊಳೆಸುತ್ತಾರಲ್ಲ ಎಂಬುದಕ್ಕೆ ಮಾತ್ರ ಹೆದರಿದಳು.

ಒಂದು ವಾರ ಬಿಳಿ ಕೋಟು ತೊಟ್ಟು ರಾಣಿಯಂತೆ ಓಡಾಡಿದಳು. ಆಯಾ ನೆಲ ಒರೆಸುತ್ತಿದ್ದರೆ ಮೂಗು ಮುರಿದು ದಾಟಿದಳು.

ಎಂಟನೆಯ ದಿನ, ಆಪರೇಷನ್ ಆಗಿ ಅಂಗಾತ ಮಲಗಿದ್ದ ಅಜ್ಜನೊಬ್ಬ ಮಲಗಿದಲ್ಲೇ ವಾಂತಿ ಮಾಡಿಕೊಂಡ; ಅದು ನೆಲಕ್ಕೂ ಇಳಿಯಿತು. ಆ ಹುಳಿ ನಾತ ಮೂಗಿಗೆ ಬಡಿದದ್ದೇ ತಡ, ಕೋಟಿನ ತುದಿ ಸೊಂಟಕ್ಕೆ ಸಿಕ್ಕಿಸಿ, ಬಟ್ಟೆ ಹಿಡಿದು ಕುಕ್ಕರುಗಾಲಲ್ಲಿ ಕೂತೇಬಿಟ್ಟಳು. ಮೂಲೆಯಿಂದ ನಡುವಿಗೆ, ಒಂದು ಹನಿ ಬಿಡದೆ ಒರೆಸಿದಳು. ತಲೆಯ ಮೇಲೆ ಅಜ್ಜನ ಗಂಟಲು ಗೊರಗೊರ ಎನ್ನುತ್ತಿದ್ದುದು ಅವಳ ಕಿವಿಗೆ ಬೀಳಲೇ ಇಲ್ಲ. ದೊಡ್ಡ ನರ್ಸು ಓಡಿಬಂದು ಅಜ್ಜನನ್ನು ಪಕ್ಕಕ್ಕೆ ಹೊರಳಿಸಿ, ಬಾಯಿ ಚೊಕ್ಕ ಮಾಡಿ, ಅವನು ಉಸಿರೆಳೆದ ಮೇಲೆ ಕೆಳಗೆ ನೋಡಿದಳು. "ನೆಲ ಎಷ್ಟು ಚೆನ್ನಾಗಿ ಒರೆಸ್ತೀಯಮ್ಮಾ," ಎಂದಳು. ಹನ್ನೆರಡು ವರ್ಷದಲ್ಲಿ ಸಿಕ್ಕ ಮೊದಲ ಹೊಗಳಿಕೆ ಅದು. "ಓದಿದ ನರ್ಸಿನ ಕೈ ಮೊದಲು ರೋಗಿ ತಲೆಗೆ ಹೋಗತ್ತೆ. ಈಗ ಹೇಳು, ಆ ಲೈಸೆನ್ಸ್ ಯಾರದು?"