ಏಳನೆಯ ಹಾಡಿನ ಚಿಕ್ಕಕ್ಷರ

ಪಿಸುಮಾತನ್ನೂ ಆರ್ಭಟವನ್ನೂ ಒಂದೇ ವಾತ್ಸಲ್ಯದಿಂದ ಆಲಿಸುವ ಪ್ರಭುವೇ, ಕಥೆಗೆ ಮೊದಲು ನಿನಗೆ ನಮಸ್ಕಾರ. ಗಂಟಲು ಬಿರಿಯುವಂತೆ ಹಾಡುವವನ ಎದೆಯ ಮಾತು ನಿನಗೆ ತಿಳಿಯುತ್ತದೆ. ಮನುಷ್ಯರಿಗೆ ಅದು ಅಚ್ಚಾಗಿ ಕೈಗೆ ಬರಬೇಕು.

ಹಾಗೆ ಅಚ್ಚಾಗುವ ಮಾತಿನ ಕರಡು ತಿದ್ದುವುದು ಅವಳ ಕಾಯಕ. ಅಣ್ಣ ಡ್ರಮ್ಸ್ ಬಾರಿಸುವ, ಅಬ್ಬರಿಸಿ ಹಾಡುವ ಮೆಟಲ್‌ಕೋರ್ ಬ್ಯಾಂಡಿನ ಹೊಸ ಆಲ್ಬಮ್ಮಿನ ಹಾಡಿನ ಸಾಲುಗಳ ಕಿರುಹೊತ್ತಗೆಯನ್ನು ತಿದ್ದಿದವಳೂ ಅವಳೇ. ಹಾಡುಗಳು ಇಂಗ್ಲಿಷಿನವು, ಭಕ್ತಿಯವು. ‘ಯೂ’, ಅಂದರೆ ‘ನೀನು’, ದೇವರಾದಲ್ಲಿ ಮೊದಲಕ್ಷರ ‘ವೈ’ ದೊಡ್ಡದು, ಮನುಷ್ಯರಾದಲ್ಲಿ ಚಿಕ್ಕದು; ಬ್ಯಾಂಡಿನವರೇ ಮಾಡಿಕೊಂಡ ನಿಯಮವದು.

ಆಲ್ಬಮ್ ಹೊರಬಂದು ಎರಡು ತಿಂಗಳಾಗಿತ್ತು. ಭಾನುವಾರ ಮಧ್ಯಾಹ್ನ, ಚರ್ಚಿನ ನೆಲಮಾಳಿಗೆಯ ಅಭ್ಯಾಸದ ಕೋಣೆಯಲ್ಲಿ ಗಾಯಕನು ಮೈಕಿನ ವೈರು ಸುತ್ತುತ್ತಿದ್ದನು. ಗೆಳೆಯರ ಬಾಯಲ್ಲಿ ಅವನು ಗುಡುಗು. ಮಾತಿಗೆ ನಿಂತರೆ ಮಾತ್ರ ಎದುರಿನವರು ಕಿವಿಗೊಟ್ಟು ಕೇಳಬೇಕು.

“ಪಾಸ್ಟರ್ ಮಗಳ ಜೊತೆ ನಿಶ್ಚಯ ಆಯ್ತಂತೆ,” ಎಂದಳು ಬಾಗಿಲಲ್ಲಿ ನಿಂತ ಅವಳು. “ಅಣ್ಣ ಈಗ ಹೇಳ್ದ.”

“ಹ್ಞೂಂ. ಬೆಳಿಗ್ಗೆ ಸಭೆ ಮುಂದೆ ಮಾತು ಕೊಟ್ಟೆ.”

“ಹಾಡಲ್ಲಿ ಅಷ್ಟು ಬೊಬ್ಬೆ ಹೊಡೀತೀರಿ. ಇದನ್ನ ಮಾತ್ರ ಗುಟ್ಟಾಗಿಟ್ರಿ.”

ಅವನ ಕಣ್ಣು ಅವಳ ಬೆರಳಿನವರೆಗೆ ಬಂದು, ಅಲ್ಲಿ ನಿಂತು, ಮತ್ತೆ ವೈರಿಗೆ ಮರಳಿತು.

“ನಿಮಗೆ ಬೊಬ್ಬೆ ಹೊಡೆದೇ ಹೇಳಿದ್ದೆ, ತಿದ್ದುಪಡಿ ಮೇಡಂ. ಏಳನೇ ಹಾಡಲ್ಲಿ.”

“ಅದು ಪ್ರಾರ್ಥನೆ ಅಲ್ವಾ?”

“ಹನ್ನೊಂದು ಕಡೆ ಚಿಕ್ಕ ವೈ ಬರೆದಿದ್ದೆ. ಹನ್ನೊಂದನ್ನೂ ದೊಡ್ಡದು ಮಾಡಿ ಕಳಿಸಿದ್ರಿ.”

“ನಿಮ್ಮ ಕೈತಪ್ಪು ಅಂದ್ಕೊಂಡೆ. ‘ನಿನ್ನ ಕೈಯ ಕೆಂಪು’ ಅಂತ ಬರುತ್ತಲ್ಲ, ಅದು ಶಿಲುಬೆಯಲ್ಲಿ ಪ್ರಭುವಿಗಾದ ಮೊಳೆಗಾಯ...”

“ಅದು ನಿಮ್ಮ ತಿದ್ದೋ ಪೆನ್ನಿನ ಶಾಯಿ.”

ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಮುಚ್ಚಿಡಲು ಅಲ್ಲಿ ಇನ್ನೇನೂ ಉಳಿದಿರಲಿಲ್ಲ.

“ಕರಡು ವಾಪಸ್ ಬಂದಾಗ,” ಎಂದನು, “ಇಷ್ಟು ಪ್ರೀತಿ ದೇವರಿಗಷ್ಟೇ ಸಲ್ಲಲಿ ಅಂತ ಮರ್ಯಾದೆಯಾಗಿ ಬೇಡ ಅಂದ್ರಿ ಅನ್ಕೊಂಡೆ. ಆಮೇಲೇ ಪಾಸ್ಟರಿಗೆ ಒಪ್ಪಿಗೆ ಕೊಟ್ಟಿದ್ದು.”

“ಒಂದು ಮಾತು ಕೇಳಬಹುದಿತ್ತು.”

“ನೀವೂ ಕೇಳಬಹುದಿತ್ತು. ಬೇರೆಯವರ ಕರಡಿನ ಬದಿಗೆಲ್ಲ ಪ್ರಶ್ನೆ ಗೀಚ್ತೀರಲ್ಲ.”

ಇಬ್ಬರಿಗೂ ನಗು ಬಂದಿತು. ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ.

“ಆ ಹುಡುಗಿ ಹೇಗೆ?” ಎಂದಳು.

“ಒಳ್ಳೆಯವಳು. ಅವಳದೇನೂ ತಪ್ಪಿಲ್ಲ.”

“ಹಾಗಾದ್ರೆ ಈಗ ನನ್ನ ಏನೂ ಕೇಳಬೇಡಿ. ಕೇಳಿದ್ರೆ ಹ್ಞೂಂ ಅಂದುಬಿಡ್ತೀನಿ.”

ಮೆಟ್ಟಿಲ ಮೇಲಿನಿಂದ ಅಣ್ಣ ಕೂಗಿದನು: “ಗುಡುಗೂ, ನಿಶ್ಚಯದ ಫೋಟೋಗೆ ಕಾಯ್ತಿದಾರೆ, ಬಾರೋ.”

ಅವನು ವೈರನ್ನು ಕೆಳಗಿಟ್ಟನು. “ಆ ಹಾಡು ಇನ್ನು ವೇದಿಕೆಯಲ್ಲಿ ಹಾಡಲ್ಲ.”

“ಹಾಡಿ,” ಎಂದಳು. “ಅಚ್ಚಾಗಿರೋ ಹಾಗೇ, ದೊಡ್ಡಕ್ಷರದಲ್ಲೇ ಹಾಡಿ.”

ಅವನು ತಲೆಯಾಡಿಸಿ ಮೆಟ್ಟಿಲೇರಿದನು. ಅವಳನ್ನು ಏನೂ ಕೇಳಲಿಲ್ಲ.

ಪ್ರಿಯರಾಡಿದ ಮಾತು, ಆಡಿದ ಹೊತ್ತಿನಲ್ಲಿಯೇ, ಈ ಕಥೆಯನ್ನು ಕೇಳಿದವರಿಗೆಲ್ಲ ತಿಳಿಯುವಂತಾಗಲಿ. ತಡವಾಗಿ ತಿಳಿದವರ ಎದೆಯನ್ನು ಪ್ರಭುವು ತನ್ನ ಅಂಗೈಯಲ್ಲಿಟ್ಟು ಕಾಯಲಿ.